ಹನ್ನೆರಡು ಸೋಮವಾರಗಳ ಮೆಕ್ಕೆಜೋಳ

ನವೆಂಬರ್ ಹದಿನಾರು, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಶರಣಸಿರಸಗಿಯ ನಮ್ಮ ಮನೆಯ ಹಿತ್ತಲಲ್ಲಿ ಕಟ್ಟಿರುವ ಎಮ್ಮೆಕರು ಒಂದು ಸಲ ಕೂಗಿದೆ, ಅವ್ವ ಎರಡು ಸಲ ಕೂಗಿದ್ದಾಳೆ. ಇಬ್ಬರಿಗೂ ಸ್ವಲ್ಪ ತಡೆಯಿರಿ ಅಂದಿದ್ದೇನೆ. ಇವತ್ತು ಬರೆಯದಿದ್ದರೆ ಇನ್ನು ಯಾವತ್ತೂ ಬರೆಯುವುದಿಲ್ಲ ಎಂದು ನನಗೆ ಗೊತ್ತು.

ನಿನ್ನೆ ಸಂಜೆ ಆಫೀಸು ಬಿಟ್ಟವಳು ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿರುವ ಹಿಂಡಿ ಅಂಗಡಿಗೆ ಹೋಗಿದ್ದೆ. ಬಾಗಿಲಲ್ಲೇ ಶೇಂಗಾ ಹಿಂಡಿಯ ಜಿಡ್ಡು ವಾಸನೆ, ಅದರ ಬೆನ್ನಿಗೆ ತೊಗರಿ ಚುನಿಯ ಒಣ ಧೂಳಿನ ವಾಸನೆ. ಬೇಳೆ ಒಡೆಯುವಾಗ ಉಳಿಯುವ ಸಿಪ್ಪೆ ಮತ್ತು ನುಚ್ಚಿಗೆ ನಮ್ಮ ಕಡೆ ಚುನಿ ಅನ್ನುತ್ತೇವೆ. ಈ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ನಾನು ಎಲ್ಲಿದ್ದರೂ ಮನಸ್ಸಿನಲ್ಲೇ ಕಮಲಾಪುರದ ಸೋದರತ್ತೆಯ ಕೊಟ್ಟಿಗೆಗೆ ಹೋಗಿಬಿಡುತ್ತೇನೆ. ನಿನ್ನೆಯೂ ಅರ್ಧ ದಾರಿ ಹೋಗಿದ್ದೆ, ಅಷ್ಟರಲ್ಲಿ ಅಂಗಡಿಯ ಸಿದ್ದಣ್ಣ ಕೇಳಿದರು:

"ಎಷ್ಟು ತಿಂಗಳದ್ದರೀ ಕರ?"

"ಹತ್ತು."

"ಹಂಗಾರ ಕಣ್ಣು ಮುಚ್ಚಿ ಮೆಕ್ಕಿಜ್ವಾಳ ಒಯ್ಯಿರಿ."

"ಜ್ವಾಳ ಆಗಂಗಿಲ್ಲೇನ್ರೀ?"

"ಆಗ್ತದ್ರೀ, ಯಾಕಾಗಂಗಿಲ್ಲ? ಆದ್ರ ಲೆಕ್ಕ ಮೆಕ್ಕಿಜ್ವಾಳದ್ದು ಅದ. ಕಮಲಾಪುರದಾಗ ಒಬ್ಬಾಕಿ ಹುಡುಗಿ ಹನ್ನೆರಡು ಸೋಮವಾರ ಟೇಪ್ ಹಿಡದು ಕರದ ಎದಿ ಅಳದಾಳ್ರೀ. ವಾರಕ್ಕ ಅರ್ಧ ಅಂಗುಲ! ಬುಕ್ಕಿನಾಗ ಬರದಿಟ್ಟಾಳ. ನಾ ಕಣ್ಣಾರೆ ನೋಡೀನಿ."

ಆ ಹುಡುಗಿ ನಾನೇ. ಆ ಲೆಕ್ಕ ತಪ್ಪು.

"ಅದು ತಪ್ಪು ಲೆಕ್ಕ ಅದ್ರೀ ಅಣ್ಣಾ" ಅಂದೆ.

"ನಿಮಗ ಹ್ಯಾಂಗ ಗೊತ್ತರೀ?"

"ಆ ಹುಡುಗಿ ನಾನ ಇದ್ದೀನ್ರೀ."

ಸಿದ್ದಣ್ಣ ನನ್ನ ಕನ್ನಡಕ ನೋಡಿದರು, ಕೈಯಲ್ಲಿದ್ದ ಹೆಲ್ಮೆಟ್ ನೋಡಿದರು, ನಂತರ ಬಹಳ ಮರ್ಯಾದೆಯಿಂದ ನಕ್ಕರು. "ಇರ್ಲಿ ಬಿಡ್ರೀ ಮೇಡಂ. ಆಕಿ ಭಾಳ ಶಾಣ್ಯಾಕಿ ಇದ್ಳು."

ಬಾಯಲ್ಲಿ ಹೇಳಿದ್ದಕ್ಕಿಂತ ಬುಕ್ಕಿನಲ್ಲಿ ಬರೆದದ್ದಕ್ಕೆ ತೂಕ ಹೆಚ್ಚು. ನನ್ನ ಮಾತನ್ನೇ ನನ್ನ ಬರಹ ಸೋಲಿಸಿತು. ಆದ್ದರಿಂದ ಪತ್ರಿಕೆಗೆ ಬರೆದೇ ತಿದ್ದಬೇಕು. ಅದಕ್ಕಾಗಿ ಕೂತಿದ್ದೇನೆ. ನೀವು ಎಮ್ಮೆ ಕಟ್ಟದವರಾದರೂ ಜೊತೆಗೆ ಕೂತುಕೊಳ್ಳಿ. ಈ ಕಥೆಯಲ್ಲಿ ಲೆಕ್ಕಕ್ಕೆ ಬರುವ ಎಮ್ಮೆಕರು ಒಂದೇ, ಮನುಷ್ಯರೂ ಕೆಲವೇ ಮಂದಿ, ಗೊಂದಲವಾಗುವುದಿಲ್ಲ.

ಮೊದಲು ನನ್ನ ರೋಗದ ಬಗ್ಗೆ ಹೇಳಿಬಿಡುತ್ತೇನೆ. ಎಂಟನೆಯ ತರಗತಿಯಿಂದ ನನಗೆ ದಿನಚರಿ ಬರೆಯುವ ಚಟ. ದಿನಚರಿ ಎಂದರೆ ಮನಸ್ಸಿನ ಮಾತು, ಕನಸು, ಸಿಟ್ಟು ಅಲ್ಲ. ಬರೀ ಎಣಿಕೆ. ಎಷ್ಟು ಸಲ ಕರೆಂಟು ಹೋಯಿತು, ಬಸ್ಸು ಎಷ್ಟು ನಿಮಿಷ ತಡ, ಯಾರು ಎಷ್ಟು ರೊಟ್ಟಿ ತಿಂದರು. ಮನೆಗೆ ಬಂದ ನೆಂಟರು ನನ್ನ ಎದುರು ನಾಲ್ಕನೆಯ ರೊಟ್ಟಿಗೆ ಕೈ ಹಾಕಲು ಹೆದರುತ್ತಿದ್ದರು. ಇಷ್ಟೆಲ್ಲ ಲೆಕ್ಕ ಇಡುವವಳು ಡಿಗ್ರಿಯ ಕೊನೆಯ ವರ್ಷ ಯಾವ ವಿಷಯದಲ್ಲಿ ಫೇಲಾದೆ ಎಂದು ನೀವು ಕೇಳಬೇಕು. ಸಂಖ್ಯಾಶಾಸ್ತ್ರ.

ಇದು ಆರು ವರ್ಷದ ಹಿಂದಿನ ಮಾತು. ಮನೆಯಲ್ಲಿ ಯಾರೂ ಬೈಯಲಿಲ್ಲ. ಅಪ್ಪ ಕೂಡ ಊಟದ ಹೊತ್ತಿಗೆ ಬಹಳ ಮೆತ್ತಗೆ ಮಾತಾಡತೊಡಗಿದ. ಆ ಮೆತ್ತಗಿನ ಮಾತೇ ತಡೆಯದಾಯಿತು. ಜೂನ್ ಕೊನೆಗೆ ಮತ್ತೆ ಪರೀಕ್ಷೆ ಇತ್ತು. ಅಲ್ಲಿಯವರೆಗೆ ಓದಿಕೊಳ್ಳುತ್ತೇನೆ ಎಂದು ಪುಸ್ತಕದ ಚೀಲ ಹೊತ್ತು, ಕಮಲಾಪುರದಲ್ಲಿರುವ ನೀಲಮ್ಮತ್ತೆಯ ಮನೆಗೆ ಹೋದೆ. ಅಪ್ಪನ ತಂಗಿ ಅವಳು. ಮಾವ ಲಾರಿ ಓಡಿಸುತ್ತಾರೆ, ತಿಂಗಳಿಗೆ ನಾಲ್ಕೈದು ದಿನ ಮನೆಯಲ್ಲಿರುತ್ತಾರೆ. ಉಳಿದ ದಿನ ಅತ್ತೆಯ ಸಂಸಾರವೆಂದರೆ ಕೊಟ್ಟಿಗೆ.

ಆದರೆ ನಾನು ಹೋದಾಗ ಕೊಟ್ಟಿಗೆ ಖಾಲಿ. ಹದಿನಾಲ್ಕು ವರ್ಷ ಹಾಲು ಕೊಟ್ಟ ಅವಳ ಎಮ್ಮೆ ಹಿಂದಿನ ಮಳೆಗಾಲದಲ್ಲಿ ಹೊಟ್ಟೆ ಉಬ್ಬಿ ಸತ್ತಿತ್ತು. ಅತ್ತೆ ಆಮೇಲೂ ಐದು ಗಂಟೆಗೆ ಎದ್ದು ಕೊಟ್ಟಿಗೆಗೆ ಹೋಗಿ, ಸುಮ್ಮನೆ ನಿಂತು, ಕಸ ಇಲ್ಲದ ನೆಲವನ್ನು ಗುಡಿಸಿ ಬರುತ್ತಿದ್ದಳು. ಪಾಕೀಟು ಹಾಲಿನ ಚಹಾ ನನಗೆ ಕೊಟ್ಟು ತಾನು ಕರಿ ಚಹಾ ಕುಡಿಯುತ್ತಿದ್ದಳು. ಯಾಕೆ ಎಂದು ಕೇಳಿದರೆ "ಅದು ಹಾಲೇನ? ಸುಣ್ಣದ ನೀರು" ಎಂದು ಮೂಗು ಮುರಿಯುತ್ತಿದ್ದಳು. ನಾನು ಹೋಗಿ ಒಂದು ವಾರಕ್ಕೆ ಆ ಕೊಟ್ಟಿಗೆಗೆ ರಾಣಿ ಬಂದಳು.

ರಾಣಿ ನಮ್ಮವಳಲ್ಲ. ಮೂರು ಓಣಿ ಆಚೆಯ ಮಹಬೂಬಿಯ ಕರು. ಎಲ್ಲರೂ ಅವಳನ್ನು ಬೂಬಮ್ಮ ಅನ್ನುತ್ತಾರೆ, ಅತ್ತೆ ಮಾತ್ರ ಬೂಬಕ್ಕ. ಬೂಬಮ್ಮನ ಮನೆಯಲ್ಲಿ ಮೂರು ಕರೆಯುವ ಎಮ್ಮೆ. ಸೊರಗಿದ ಈ ಕರುವನ್ನು ಬೇರೆ ನೋಡಿಕೊಳ್ಳಲು ಅವಳಿಗೆ ಕೈ ಸಾಲದು. ಅತ್ತೆಗೆ ಎಮ್ಮೆ ಕೊಳ್ಳುವ ಅನುಕೂಲ ಆಗ ಇರಲಿಲ್ಲ. ನಮ್ಮ ಕಡೆ ಇಂಥ ಹೊತ್ತಿಗೆ ಕರುವನ್ನು ಪಾಲಿಗೆ ಕೊಡುತ್ತಾರೆ. ಒಬ್ಬರ ಕರು, ಇನ್ನೊಬ್ಬರ ಕೈ. ಅವರಿಬ್ಬರ ಮಾತು ಹೀಗಿತ್ತು: ಅತ್ತೆ ಸಾಕಬೇಕು, ರಾಣಿ ದೊಡ್ಡವಳಾಗಿ ಮೊದಲ ಸಲ ಈದ ಮೇಲೆ ಹುಟ್ಟಿದ ಕರು ಬೂಬಮ್ಮನಿಗೆ, ತಾಯಿ ಅತ್ತೆಗೆ. ಕಾಗದವಿಲ್ಲ, ಸಹಿಯಿಲ್ಲ. ಬೂಬಮ್ಮ ಹಗ್ಗವನ್ನು ಅತ್ತೆಯ ಕೈಗೆ ಕೊಡುವಾಗ ಒಂದು ಷರತ್ತು ಹೇಳಿದಳು.

"ಕಾರ ಹುಣ್ಣಿವಿ ಮಟ ನೋಡ್ತೀನಿ ನೀಲಮ್ಮಾ. ಮೈ ಹಿಡೀತು ಅಂದ್ರ ನಿನ್ನ ಹಂತೇಕ ಇರ್ಲಿ. ಇಲ್ಲಂದ್ರ ಬಿಚ್ಕೊಂಡು ಹೋಗಿ ಬ್ಯಾರೆಯವರಿಗೆ ಕೊಡ್ತೀನಿ. ಆಮ್ಯಾಗ ಸೆರಗು ಹಿಡಕೊಂಡು ಅಳಬ್ಯಾಡ."

"ನಾ ಯಾಕ ಅಳ್ಲಿ? ಅಳಾಕಿ ನೀನ, ನಿನ್ನ ಕರ ನಿನ್ನ ಗುರ್ತ ಹಿಡೀದಂಗ ಮಾಡ್ತೀನಿ" ಎಂದಳು ಅತ್ತೆ. ಬಾಯಿ ಹಾಗೆ ಅಂದಿತು. ಕೈ ಹಗ್ಗವನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬೆರಳಿನ ತುದಿ ಬೆಳ್ಳಗಾಗಿತ್ತು.

ರಾಣಿಯ ಅವಸ್ಥೆ ನೋಡಿದರೆ ಯಾರಿಗಾದರೂ ಹೆದರಿಕೆಯಾಗುವಂತಿತ್ತು. ಹತ್ತು ತಿಂಗಳಾದರೂ ಎಣಿಸಬಹುದಾದ ಪಕ್ಕೆಲುಬು, ಅದರ ಕೆಳಗೆ ಮಡಕೆಯಂಥ ಹೊಟ್ಟೆ, ಕಪ್ಪಾಗಬೇಕಾದ ಕೂದಲು ತುಕ್ಕಿನ ಬಣ್ಣ. ಪಕ್ಕೆಲುಬು ಎರಡೂ ಕಡೆ ಎಣಿಸಿ ನಾನು ಬರೆದುಕೊಂಡೆ. ಮಾರ್ಚ್ ಇಪ್ಪತ್ತೈದು, ಸೋಮವಾರ, ಮನೆಯಿಂದ ತಂದಿದ್ದ ಅವ್ವನ ಹೊಲಿಗೆ ಮಷಿನ್ನಿನ ಟೇಪಿನಿಂದ ಎದೆಯ ಸುತ್ತಳತೆ ತೆಗೆದೆ. ನಲವತ್ತೊಂದು ಅಂಗುಲ. ಕಾರ ಹುಣ್ಣಿಮೆ ಜೂನ್ ಹದಿನೇಳಕ್ಕೆ, ಅದೂ ಸೋಮವಾರವೇ. ನಡುವೆ ಎಂಬತ್ನಾಲ್ಕು ದಿನ. ಸಂಖ್ಯಾಶಾಸ್ತ್ರದ ಪುಸ್ತಕ ಮುಚ್ಚಿ ನೋಟ್ ಬುಕ್ಕಿನಲ್ಲಿ ಕೆಂಪು ಮಸಿಯಿಂದ ಕಾಲಂ ಎಳೆದೆ.

ದನದ ದವಾಖಾನೆಗೆ ಹೋದೆವು. ಅಲ್ಲಿಯ ಡಾಕ್ಟರು ಜಂತಿನ ಔಷಧ ಕುಡಿಸಿ, ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಧಾನ್ಯ ಇಷ್ಟು ಪಾಲು, ಹಿಂಡಿ ಇಷ್ಟು, ಚುನಿ ಮತ್ತು ಬೂಸಾ ಇಷ್ಟು, ಲವಣದ ಪುಡಿ ಒಂದು ಚಮಚ. ಧಾನ್ಯ ಎಂದರೆ ಯಾವುದು ಎಂದು ಕೇಳಿದೆ.

"ಯಾವದು ಸಿಗ್ತದ ಅದ ಹಾಕ್ರಿ. ಜ್ವಾಳ, ಸಜ್ಜಿ, ಮೆಕ್ಕಿಜ್ವಾಳ. ಒಡಸಿ ಹಾಕ್ರಿ, ಹಿಟ್ಟು ಮಾಡಬ್ಯಾಡ್ರಿ. ಇಡೀ ಕಾಳು ಹಾಕಿದ್ರ ಇತ್ತಾಗಿಂದ ಹೋಗಿ ಅತ್ತಾಗಿಂದ ಹಂಗ ಬರ್ತದ."

ಯಾವುದು ಸಿಗುತ್ತದೋ ಅದು ಎಂಬ ಉತ್ತರ ನನ್ನಂಥವಳಿಗೆ ಸಾಲುವುದಿಲ್ಲ. ಮನೆಗೆ ಬಂದು ಅತ್ತೆಯ ಜೊತೆ ವಾದಕ್ಕೆ ಕೂತೆ. ಸಜ್ಜೆ ಹೀಟು ಎಂದು ಅತ್ತೆ ಮೊದಲೇ ಕೈಬಿಟ್ಟಳು. ಬೇಸಿಗೆಯಲ್ಲಿ ನಮ್ಮಲ್ಲಿ ಹೀಟು ಅನ್ನದ ವಸ್ತು ನೀರೊಂದೇ. ಉಳಿದದ್ದು ಜೋಳ ಮತ್ತು ಮೆಕ್ಕೆಜೋಳ. ಮನೆಯ ಡಬ್ಬಿಯಲ್ಲಿದ್ದದ್ದು ಹಿಂಗಾರಿನ ಬಿಳಿಜೋಳ, ನಾವು ರೊಟ್ಟಿ ಮಾಡಿ ತಿನ್ನುವುದು. ಮಳೆಗೆ ಸಿಕ್ಕಿ ಕಪ್ಪಾದ ಜೋಳ ದನಕ್ಕೆ, ಒಳ್ಳೆಯದು ಮನುಷ್ಯರಿಗೆ. ಇದು ನಮ್ಮ ಕಡೆ ಎಲ್ಲರ ಮನೆಯ ಕಟ್ಟಳೆ. ಆ ವರ್ಷ ಕಪ್ಪು ಜೋಳ ಇರಲಿಲ್ಲ, ಇದ್ದಿದ್ದರೂ ಬೂಷ್ಟು ಹಿಡಿದದ್ದನ್ನು ಕರುವಿಗೆ ಹಾಕಲೇಬೇಡಿ ಎಂದು ಡಾಕ್ಟರು ಹೇಳಿದ್ದರು.

"ತಿನ್ನೋ ಜ್ವಾಳ ಗ್ವಾದಲಿಗೆ ಹಾಕೋದು ನಮ್ಮ ಮನ್ಯಾಗ ಇಲ್ಲವ್ವಾ. ನಮ್ಮವ್ವ ಹಾಕಿಲ್ಲ, ನಾ ಹಾಕಿಲ್ಲ" ಎಂದಳು ಅತ್ತೆ.

"ಅದಕ್ಕ ಹೇಳಾಕತ್ತೀನಿ ಅತ್ತಿ. ಮೆಕ್ಕಿಜ್ವಾಳ ನಾವು ತಿನ್ನಂಗಿಲ್ಲ, ಕರಕ್ಕ ಛಲೋ. ನಮ್ಮದು ನಮಗ, ಅದರದು ಅದಕ್ಕ."

"ಓದಿದಾಕಿ ನೀ. ನೀ ಹೆಂಗ ಅಂತಿ ಹಂಗ."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಫೇಲಾದ ಮೇಲೆ ನನ್ನನ್ನು ಓದಿದವಳು ಅಂದವರು ಅತ್ತೆ ಒಬ್ಬಳೇ. ಮರುದಿನವೇ ಕಲಬುರಗಿಗೆ ಹೋಗಿ ಇದೇ ಸಿದ್ದಣ್ಣನ ಅಂಗಡಿಯಿಂದ ಒಂದು ಚೀಲ ಮೆಕ್ಕೆಜೋಳ ತಂದೆ. ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೆ ಕಾಲು ತಾಗಿಸಿ, "ಇದಕ್ಕೂ ಸೀಟು ಬೇಕೇನ್ರೀ?" ಅಂದ. "ಇದು ನಿಂತು ಬರ್ತದ್ರೀ" ಅಂದೆ. ನನ್ನ ಜೀವನದಲ್ಲಿ ಸರಿಯಾದ ಹೊತ್ತಿಗೆ ಸರಿಯಾದ ಉತ್ತರ ಹೊಳೆದದ್ದು ಎರಡೇ ಸಲ, ಅದರಲ್ಲಿ ಇದೊಂದು.

ಇನ್ನು ಕೆಲಸ ಹಂಚಿಕೆ ಹೇಳಬೇಕು, ಏಕೆಂದರೆ ತಪ್ಪು ಹುಟ್ಟಿದ್ದು ಅಲ್ಲಿ. ರಾಣಿ ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ಕಾಳು ಹಾಕಲು ಹೋದ ಮೊದಲ ದಿನವೇ ಮೊಣಕಾಲಿಗೆ ಒದ್ದಳು, ಮಾರ್ಚ್ ಇಪ್ಪತ್ತೇಳು, ಬೆಳಿಗ್ಗೆ ಆರೂಕಾಲು. ಸೋಮವಾರ ಟೇಪು ಹಾಕುವಾಗಲೂ ಅತ್ತೆ ಅವಳ ಮೂಗು ಹಿಡಿದು ಮುದ್ದು ಮಾಡುತ್ತ ನಿಲ್ಲಬೇಕಿತ್ತು. ಹೀಗಾಗಿ ಗಿರಣಿಗೆ ಹೋಗಿ ಕಾಳು ಒಡೆಸಿ ತರುವವಳು ಅತ್ತೆ, ರಾತ್ರಿ ನೆನೆಹಾಕಿದ ಹಿಂಡಿಗೆ ಕಲಸಿ ಗೋದಲಿಗೆ, ಅಂದರೆ ಮೇವಿನ ತೊಟ್ಟಿಗೆ, ಹಾಕುವವಳು ಅತ್ತೆ. ನಾನು ಕೊಟ್ಟಿಗೆಯ ಮೆಟ್ಟಿಲ ಮೇಲೆ ನೋಟ್ ಬುಕ್ ಹಿಡಿದು ಕೂತು, "ಎಷ್ಟು ಹಾಕಿದಿ ಅತ್ತಿ?" ಎಂದು ಕೇಳುತ್ತಿದ್ದೆ. ಅವಳು ಒಳಗಿನಿಂದ ಕೂಗುತ್ತಿದ್ದಳು, ನಾನು ಬರೆಯುತ್ತಿದ್ದೆ. ಇದನ್ನು ನಾನು ಆಗ ಶಾಸ್ತ್ರೀಯ ಪದ್ಧತಿ ಎಂದುಕೊಂಡಿದ್ದೆ.

ಮೊದಲ ಎರಡು ವಾರ ಗೋದಲಿಯಲ್ಲಿ ಹಳದಿ ನುಚ್ಚು ಹಾಗೇ ಉಳಿಯುತ್ತಿತ್ತು. ರಾಣಿ ಹಿಂಡಿ ನೆಕ್ಕಿ, ಚುನಿ ತಿಂದು, ಮೆಕ್ಕೆಯನ್ನು ನಾಲಿಗೆಯಿಂದ ಮೂಲೆಗೆ ತಳ್ಳುತ್ತಿದ್ದಳು. ಏಪ್ರಿಲ್ ಒಂದು, ನಲವತ್ತೊಂದು ಅಂಗುಲ. ಏಪ್ರಿಲ್ ಎಂಟು, ನಲವತ್ತೊಂದು. ಆ ಸಂಜೆ ನಾನು ಊಟ ಮಾಡಲಿಲ್ಲ. ಲೆಕ್ಕವೆಂದರೆ ಲೆಕ್ಕ, ನನ್ನ ರೊಟ್ಟಿಯ ಕಾಲಂನಲ್ಲಿ ಸೊನ್ನೆ ಬರೆದೆ. "ಇದೂ ತಪ್ಪಾಗ್ತದ ಅತ್ತಿ. ನಾ ಏನ ಹಿಡದ್ರೂ ಹಿಂಗ" ಅಂದೆ. ಅತ್ತೆ ನನ್ನ ತಟ್ಟೆಯನ್ನು ಮುಚ್ಚಿಟ್ಟು ಕೊಟ್ಟಿಗೆಗೆ ಹೋದಳು.

ಮರುದಿನದಿಂದ ಪವಾಡ. ಗೋದಲಿ ನೆಕ್ಕಿದ ಹಾಗೆ ಸ್ವಚ್ಛ. "ಪೂರ್ತಿ ತಿಂದಿದೆ" ಎಂದು ಬರೆದು ಅಡಿಗೆರೆ ಎಳೆದೆ, ಎರಡು ಸಲ. ಏಪ್ರಿಲ್ ಹದಿನೈದು, ನಲವತ್ತೊಂದೂವರೆ! ಆಮೇಲೆ ಒಂದು ವಾರ ಏನೂ ಏರದೆ ಮರುವಾರ ಒಂದು ಅಂಗುಲ ಏರಿದ್ದುಂಟು. ಒಟ್ಟು ನೋಡಿದರೆ ವಾರಕ್ಕೆ ಅರ್ಧ. ಬೇಸಿಗೆ ಏರಿದಂತೆ ರಾಣಿಯೂ ಏರಿದಳು. ಅತ್ತೆ ಮಧ್ಯಾಹ್ನ ಎರಡು ಸಲ ಅವಳ ಮೈಗೆ ನೀರು ಸುರಿಯುತ್ತಿದ್ದಳು, ಒದ್ದೆ ಗೋಣಿ ಹೊದಿಸುತ್ತಿದ್ದಳು, ಸಂತೆಯಿಂದ ಕೆಂಪುಬಾಳೆ ತಂದ ದಿನ ಸಿಪ್ಪೆ ರಾಣಿಗೆ. ಹಣ್ಣಿನ ಎಣಿಕೆಯೂ ನನ್ನ ಹತ್ತಿರ ಇದೆ, ಬಿಡಿ. ತುಕ್ಕು ಕೂದಲು ಉದುರಿ ಕಪ್ಪು ಕೂದಲು ಬಂತು. ನನಗೂ ಏನೋ ಬಂತು. ಬೆಳಿಗ್ಗೆ ಅಂಕಿ ಬರೆದ ಕೈಯಲ್ಲೇ ಸಂಖ್ಯಾಶಾಸ್ತ್ರದ ಲೆಕ್ಕ ಬಿಡಿಸಲು ಕೂರುತ್ತಿದ್ದೆ, ಬಿಡಿಸುತ್ತಿದ್ದೆ.

ಅದೇ ದಿನಗಳಲ್ಲಿ ಅತ್ತೆಯ ತಟ್ಟೆಯಲ್ಲಿ ಹಳದಿ ರೊಟ್ಟಿ ಕಾಣಿಸಿತು.

"ಇದೇನ ಅತ್ತಿ?"

"ಮೆಕ್ಕಿ ರೊಟ್ಟಿ. ಬಿಸಲಾಗ ನನಗ ಜ್ವಾಳದ ರೊಟ್ಟಿ ಸೇರವಲ್ಲದು. ನೀ ಉಣ್ಣು."

ನಾನು ಅದನ್ನೂ ಬರೆದೆ. "ಅತ್ತೆ: ಮೆಕ್ಕೆ ರೊಟ್ಟಿ ಎರಡು. ನಾನು: ಜೋಳದ ರೊಟ್ಟಿ ಮೂರು." ಪಕ್ಕದ ಮನೆಯ ಕೋಳಿಗಳು ನಮ್ಮ ಹಿತ್ತಲಿಗೆ ದಿನಾ ಬಂದು ದಪ್ಪಗಾಗಿರುವುದನ್ನೂ ಬರೆದೆ. ಇವೆಲ್ಲ ಬೇರೆ ಬೇರೆ ಪುಟದಲ್ಲಿದ್ದವು. ಒಂದು ಪುಟ ಇನ್ನೊಂದು ಪುಟದ ಜೊತೆ ಮಾತಾಡುವಂತೆ ಓದಬೇಕು ಎಂದು ಯಾವ ಸಂಖ್ಯಾಶಾಸ್ತ್ರದ ಪುಸ್ತಕವೂ ನನಗೆ ಹೇಳಿರಲಿಲ್ಲ.

ಹನ್ನೆರಡನೆಯ ಸೋಮವಾರ, ಜೂನ್ ಹತ್ತು, ನಲವತ್ತೈದೂವರೆ ಅಂಗುಲ. ಆ ವಾರ ಹಾಲ್ ಟಿಕೆಟ್ ತರಲು ಕಲಬುರಗಿಗೆ ಹೋದವಳು ಸಿದ್ದಣ್ಣನ ಅಂಗಡಿಗೆ ಹೋಗಿ ಬುಕ್ಕು ತೆರೆದು ತೋರಿಸಿದೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು, ಹಮಾಲರನ್ನೂ ಕರೆದು ತೋರಿಸಿದರು. ಆ ದಿನ ನಾನು ಬಸ್ಸಿನಲ್ಲಿ ಸೀಟು ಸಿಗದೆ ನಿಂತು ಬಂದೆ, ಕಾಲು ನೋಯಲಿಲ್ಲ.

ಕಾರ ಹುಣ್ಣಿಮೆ ಬಂತು. ಓಣಿಯ ಎತ್ತುಗಳಿಗೆ ಕೊಂಬಿನ ಬಣ್ಣ, ಗೊಂಡೆ. ಎಮ್ಮೆಕರುವಿಗೆ ಯಾರೂ ಸಿಂಗಾರ ಮಾಡುವುದಿಲ್ಲ. ಅತ್ತೆ ಮಾತ್ರ ರಾಣಿಯ ಮೈಗೆ ಎಣ್ಣೆ ಹಚ್ಚಿ ಹೊಳೆಯಿಸಿದ್ದಳು. ಬೆಳಿಗ್ಗೆ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು. ಹತ್ತೂವರೆಗೆ ಬೂಬಮ್ಮ ಬಂದಳು.

ಬೂಬಮ್ಮ ಟೇಪು ಕೇಳಲಿಲ್ಲ, ಬುಕ್ಕು ಕೇಳಲಿಲ್ಲ. ಬಾಲದ ಬುಡ ಹಿಡಿದು ನೋಡಿದಳು. ಪಕ್ಕೆಯ ಚರ್ಮವನ್ನು ಚಿವುಟಿ ಎಳೆದು ಬಿಟ್ಟಳು. ಕಣ್ಣಿನ ರೆಪ್ಪೆ ಬಿಡಿಸಿದಳು. ಮುಖದಲ್ಲಿ ಏನೂ ಕಾಣಿಸಲಿಲ್ಲ. ಕೊನೆಗೆ ಹೇಳಿದಳು: "ಛಲೋ ಆಗ್ಯಾಳ. ಭಾಳ ಛಲೋ ಆಗ್ಯಾಳ. ಏನ್ ತಿನಿಸಿದಿ ನೀಲಮ್ಮಾ?"

ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಬುಕ್ಕು ಹಿಡಿದು ಮುಂದೆ ಬಂದೆ. "ಮೆಕ್ಕಿಜ್ವಾಳ ಬೂಬಮ್ಮ. ಹನ್ನೆರಡು ವಾರದ ಲೆಕ್ಕ ಅದ, ನೋಡು."

ಬೂಬಮ್ಮ ಬುಕ್ಕು ನೋಡಲಿಲ್ಲ. ನೆಲದ ಮೇಲಿದ್ದ ಸೆಗಣಿ ನೋಡಿದಳು. ಕಣಿಕೆಯ ದಂಟಿನಿಂದ ಅದನ್ನು ಬಿಡಿಸಿ, ಒಂದು ಚೂರು ತೆಗೆದು, ಕೊಡದ ನೀರಲ್ಲಿ ಅಂಗೈ ಮೇಲೆ ತೊಳೆದು ನನ್ನ ಮೂಗಿನ ಹತ್ತಿರ ತಂದಳು. ಅಂಗೈಯಲ್ಲಿ ಬೆಳ್ಳಗಿನ ಮೂರು ಚೂರು.

"ಇದು ಮಕ್ಕಾ ಏನ ಬೇಟಿ? ನನಗ ಕಣ್ಣಿಲ್ಲೇನ? ಜ್ವಾಳದ ನುಚ್ಚು ಇದು. ತಿನ್ನೋ ಜ್ವಾಳ."

"ಇಲ್ಲ ಬೂಬಮ್ಮ, ಮೆಕ್ಕಿಜ್ವಾಳ. ನಾನ ತಂದೀನಿ. ದಿನಾ ಬರದೀನಿ."

"ಕಾಗದ ಏನರ ಅನ್ಲಿ, ಸೆಗಣಿ ಸುಳ್ಳ ಹೇಳಂಗಿಲ್ಲ." ಬೂಬಮ್ಮನ ದನಿ ಬದಲಾಯಿತು. ಅವಳು ಗೂಟದ ಹತ್ತಿರ ಹೋಗಿ ಹಗ್ಗಕ್ಕೆ ಕೈ ಹಾಕಿದಳು. "ಪಾಲಿಗೆ ಕೊಟ್ಟಿದ್ದು ಮಾತಿನ ಮ್ಯಾಲ. ಏನ್ ತಿನಿಸೀರಿ ಅಂದ್ರ ಒಂದು ತಿನಿಸಿ ಒಂದು ಹೇಳ್ತೀರಿ. ನಾಳಿ ಗಬ್ಬ ಆತು ಅಂತ ಹೇಳ್ತೀರಿ, ನಾ ಹ್ಯಾಂಗ ನಂಬ್ಲಿ?"

ಗಂಟು ಸಡಿಲಾಗುತ್ತಿತ್ತು. ನಾನು ಅತ್ತೆಯನ್ನು ನೋಡಿದೆ. ನಿಜ ಹೇಳು, ಬೂಬಮ್ಮ ತಪ್ಪು ನೋಡಿದ್ದಾಳೆ ಅನ್ನು ಎಂದು ಕಣ್ಣಲ್ಲೇ ಬೇಡಿಕೊಂಡೆ. ಅತ್ತೆ ನನ್ನನ್ನು ನೋಡಲಿಲ್ಲ. ನೆಲ ನೋಡುತ್ತ ಹೇಳಿದಳು:

"ಹುಡುಗಿಗೆ ಗೊತ್ತಿಲ್ಲ ಬೂಬಕ್ಕ. ಆಕಿ ಸುಳ್ಳ ಬರದಿಲ್ಲ. ನಾ ಸುಳ್ಳ ಹೇಳೀನಿ."

ಆಮೇಲೆ ನಿಧಾನಕ್ಕೆ ಎಲ್ಲ ಬಂತು. ರಾಣಿ ಮೆಕ್ಕೆ ಮುಟ್ಟಲಿಲ್ಲ. ನಾನು ಊಟ ಬಿಟ್ಟ ಆ ಸಂಜೆ ಅತ್ತೆ ರೊಟ್ಟಿಯ ಡಬ್ಬಿಯಿಂದ ಒಂದು ಬೊಗಸೆ ಜೋಳ ತೆಗೆದು, ಬೀಸುಕಲ್ಲಿನಲ್ಲಿ ಒಡೆದು, ಉಂಡೆ ಮಾಡಿ ಬಾಯಿಗಿಟ್ಟಳು. ರಾಣಿ ತಿಂದಳು. ಮರುದಿನದಿಂದ ಗಿರಣಿಯಲ್ಲಿ ಜೋಳ ಒಡೆಸಿ, ಮೆಕ್ಕೆಯನ್ನು ನುಣ್ಣಗೆ ಬೀಸಿಸಿದಳು. ಕರುವಿನ ಕಾಳು ತನ್ನ ತಟ್ಟೆಗೆ, ತನ್ನ ಕಾಳು ಕರುವಿನ ಗೋದಲಿಗೆ. ಉಳಿದ ಮೆಕ್ಕೆ ಪಕ್ಕದ ಮನೆಯ ಕೋಳಿಗಳಿಗೆ. ಗಿರಣಿಯವನಿಗೆ ಗೊತ್ತಿತ್ತು, ಕೋಳಿ ಮನೆಯವರಿಗೆ ಗೊತ್ತಿತ್ತು. ಇಡೀ ಓಣಿಯಲ್ಲಿ ಗೊತ್ತಿಲ್ಲದವಳು ದಿನಾ ಎರಡು ಹೊತ್ತು ಲೆಕ್ಕ ಬರೆಯುತ್ತಿದ್ದ ನಾನೊಬ್ಬಳೇ.

"ನನಗ ಯಾಕ ಹೇಳಲಿಲ್ಲ ಅತ್ತಿ?" ನಾನು ದನಿ ಏರಿಸಿದೆ. ಆಗ ಅದು ಸಿಟ್ಟು ಎಂದುಕೊಂಡಿದ್ದೆ.

"ಹ್ಯಾಂಗ ಹೇಳ್ಲಿ? ಮೊದಲ ಒಂದು ಫೇಲಾಗಿ ಬಂದೀದಿ. ಇದೂ ತಪ್ಪಾತು ಅಂತ ನಾ ಹೇಳಬೇಕಿತ್ತೇನ? ಸೋಮವಾರಕ್ಕೊಮ್ಮೆ ಆ ಟೇಪ್ ಹಿಡಕೊಂಡು ನಗ್ತಿದ್ದಿ. ಆ ನಗಿ ಎಲ್ಲಿಂದ ತರ್ಲಿ ನಾ?"

 ರಾಣಿ ಸಡಿಲಾದ ಹಗ್ಗ ಎಳೆದು ಅತ್ತೆಯ ಸೆರಗು ಜಗಿಯತೊಡಗಿದಳು. ಬೂಬಮ್ಮ ನಂತರ ಬಗ್ಗಿ, ಬಿಚ್ಚಿದ ಗಂಟನ್ನು ಮತ್ತೆ ಹಾಕಿದಳು. ಎರಡು ಸುತ್ತು ಇದ್ದದ್ದನ್ನು ಮೂರು ಸುತ್ತು ಮಾಡಿದಳು.

"ತಾ ತಿನ್ನೋದು ಇದಕ್ಕ ಹಾಕಿ, ಇದು ಬಿಟ್ಟದ್ದು ತಾ ತಿಂದಾಳ. ಈಕಿ ಕೈಯಾಗಿಂದ ಹಗ್ಗ ಕಸಗೊಂಡ್ರ ಖುದಾ ನನ್ನ ಸುಮ್ನ ಬಿಡ್ತಾನೇನ?" ಎಂದು ಗೊಣಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಏ ಬೇಟಿ, ನಿನ್ನ ಬುಕ್ಕಿನಾಗ ಇದನ್ನ ಬರಿ" ಅಂದಳು. ಅತ್ತೆಗೆ, "ಒಂದು ಮಕ್ಕಾ ರೊಟ್ಟಿ ಕೊಡು, ನೋಡೂಣು ಹ್ಯಾಂಗಿರ್ತದ." ಒಂದು ತುಂಡು ಬಾಯಿಗೆ ಹಾಕಿ ಜಗಿದಳು, ಜಗಿದಳು, ನುಂಗಿದಳು. "ಕರ ಶಾಣ್ಯಾ ಅದ ನೀಲಮ್ಮಾ."

ಅತ್ತೆ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಎಷ್ಟು ಸಲ ಒರೆಸಿಕೊಂಡಳು ಎಂದು ನಾನು ಬರೆದಿಲ್ಲ. ಆ ದಿನದ ಪುಟದಲ್ಲಿ ಜೂನ್ ಹದಿನೇಳು, ಸೋಮವಾರ ಎಂದಿದೆ, ಕೆಳಗೆ ಖಾಲಿ.

ಬೂಬಮ್ಮ ಬರೆಯಲು ಹೇಳಿದ್ದನ್ನು ಆರು ವರ್ಷ ತಡವಾಗಿ ಈಗ ಬರೆಯುತ್ತಿದ್ದೇನೆ. ನಾಚಿಕೆ ಕಾರಣ. ಪರೀಕ್ಷೆ ಪಾಸಾದೆ, ಸಂಖ್ಯಾಶಾಸ್ತ್ರದಲ್ಲಿ ಐವತ್ತೆಂಟು. ಕೆಲಸ ಸಿಕ್ಕಿತು, ಲೆಕ್ಕ ಬರೆಯುವುದೇ. ತಪ್ಪು ಅಂಕಿಗಳ ಮೇಲೆ ಕೂತು ನಾನು ಸರಿಯಾದ ಅಂಕಿಗಳನ್ನು ಕಲಿತೆ ಎಂದು ಯಾರಿಗೆ ಹೇಳುವುದು? ರಾಣಿ ದೊಡ್ಡವಳಾಗಿ ಈದಳು. ಮಾತಿನಂತೆ ಮೊದಲ ಕರು ಬೂಬಮ್ಮನ ಮನೆಗೆ ಹೋಯಿತು, ರಾಣಿ ಅತ್ತೆಯವಳಾದಳು. ಈಗ ಕಮಲಾಪುರಕ್ಕೆ ಹೋದರೆ ಅತ್ತೆ ಗಟ್ಟಿ ಹಾಲಿನ ಚಹಾ ಕೊಟ್ಟು, ತಾನೂ ಅದನ್ನೇ ಕುಡಿಯುತ್ತಾಳೆ. ಮೂರನೆಯ ಸೂಲಿನ ಹೆಣ್ಣುಕರುವನ್ನು ಮೂರು ವಾರದ ಹಿಂದೆ ಒಂದು ಗೂಡ್ಸ್ ಆಟೋದಲ್ಲಿ ಹೇರಿಸಿ ನಮ್ಮ ಮನೆಗೆ ಕಳಿಸಿದಳು. ಪಾಲಿಗೆ ಅಲ್ಲ. "ಇದು ನಿಂದು" ಎಂದು ಫೋನಿನಲ್ಲಿ ಹೇಳಿದಳು.

ನಿನ್ನೆ ಸಿದ್ದಣ್ಣನ ಅಂಗಡಿಯಿಂದ ಹಿಂಡಿ, ಚುನಿ ತಂದೆ. ಧಾನ್ಯ ತರಲಿಲ್ಲ. ರಾತ್ರಿ ಊಟಕ್ಕೆ ಮೊದಲು ಅತ್ತೆಗೆ ಫೋನು ಮಾಡಿ, ಜ್ವಾಳೋ ಮೆಕ್ಕಿಜ್ವಾಳೋ ಎಂದು ಕೇಳಿದೆ. "ಯಾವದರ ಹಾಕು. ಮೊದಲ ಅದು ತಿಂತದೋ ಇಲ್ಲೋ ನಿಂತು ನೋಡು. ಬುಕ್ಕು ಆಮ್ಯಾಗ ತೆಗಿ" ಎಂದು ಬೈದಳು. ಈಗ ನಮ್ಮ ಮನೆಯಲ್ಲಿ ಗೋದಲಿಗೆ ಹಾಕುವವಳು ನಾನು, ಮೆಟ್ಟಿಲ ಮೇಲೆ ಕೂತು ಬರೆಯುವವಳು ಅವ್ವ. ಅವ್ವನ ಅಂಕಿಗಳು ಕಾಲಂ ದಾಟಿ ಹೊರಗೆ ಬೀಳುತ್ತವೆ. ಕರು ಒದೆಯುತ್ತದೆ, ಎಡಗಾಲಿನಿಂದ. ಕೊನೆಯ ನೆಕ್ಕಿನವರೆಗೂ ನಾನು ಅಲ್ಲೇ ನಿಂತಿರುತ್ತೇನೆ.

ಗಂಟೆ ಒಂಬತ್ತೂಕಾಲು. ತಿದ್ದುಪಡಿ ಇಷ್ಟು: ಕಮಲಾಪುರದ ಹುಡುಗಿಯ ಹನ್ನೆರಡು ಸೋಮವಾರಗಳಲ್ಲಿ ಮೊದಲ ಮೂರು ಮಾತ್ರ ಮೆಕ್ಕೆಜೋಳದವು, ಉಳಿದವು ಜೋಳದವು. ಆದರೆ ಜೋಳವೇ ಮೇಲು ಎಂದು ಹೇಳುವ ಧೈರ್ಯವೂ ನನಗಿಲ್ಲ. ಜಂತಿನ ಔಷಧ ಆಗಷ್ಟೇ ಕೆಲಸ ಮಾಡಿರಬಹುದು. ನನ್ನ ಚೀಲದ ಮೆಕ್ಕೆ ಹಳೆಯದಿದ್ದಿರಬಹುದು. ದಿನಕ್ಕೆ ಎರಡು ಸಲ ಸುರಿದ ನೀರು, ಒದ್ದೆ ಗೋಣಿ, ಬಾಯಿಗಿಟ್ಟ ಉಂಡೆ, ಇವನ್ನೆಲ್ಲ ಯಾವ ಕಾಲಂನಲ್ಲಿ ಬರೆಯುವುದು ನನಗೆ ಗೊತ್ತಿಲ್ಲ. ಹತ್ತು ತಿಂಗಳ ಎಮ್ಮೆಕರುವಿಗೆ ಯಾವ ಕಾಳು ಹಿಡಿಯುತ್ತದೆ, ಒಲ್ಲದ ಕಾಳನ್ನು ಹೇಗೆ ರೂಢಿ ಮಾಡಿಸುವುದು ಎಂದು ನನಗಿಂತ ಹೆಚ್ಚು ತಿಳಿದವರು ನಿಮ್ಮಲ್ಲಿ ಖಂಡಿತ ಇದ್ದೀರಿ. ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆದರೆ ನನಗೆ ತಲುಪುತ್ತದೆ. ಕಾಳು ಯಾವುದು, ಅಳತೆ ಎಷ್ಟು ಎಂದು ಬರೆಯುವಾಗ, ಗೋದಲಿಗೆ ಅದನ್ನು ಹಾಕಿದವರು ಯಾರು ಎಂಬುದನ್ನೂ ದಯವಿಟ್ಟು ತಿಳಿಸಿ.